ಪೀಠದ ಮೇಲಿನ ಹೆಸರು

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯ ಸೀಮೆ ಆಂಧ್ರದ ಗಡಿಗೆ ಹೊಂದಿಕೊಂಡಿದ್ದು, ಅಲ್ಲಿಂದ ಹಿಂದೂಪುರವನ್ನು ದಾಟಿದರೆ ಸಿಗುವ ಲೇಪಾಕ್ಷಿಯ ವೀರಭದ್ರ ದೇವಾಲಯವು, ಚಿತ್ರವೊಂದರ ಶ್ರೇಯಸ್ಸು ಹಿಂದಿನ ಕಾಲದಲ್ಲಿ ಯಾರ ಪಾಲಿಗೆ ಸಲ್ಲುತ್ತಿತ್ತು ಎಂಬ ಪ್ರಶ್ನೆಗೆ ಹತ್ತಿರದ ಸಾಕ್ಷಿಯಾಗಿದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ಅದನ್ನು ಕಟ್ಟಿಸಿದ ವಿರುಪಣ್ಣನು ಸೋದರ ವೀರಣ್ಣನೊಡನೆ, ಪರಿವಾರಸಮೇತನಾಗಿ ದೇವರಿಗೆ ನಮಿಸುತ್ತಿರುವ ದೃಶ್ಯವು ಛಾವಣಿಯ ಚಿತ್ರಗಳಲ್ಲಿಯೇ ಇದೆ. ಹಣ ಕೊಟ್ಟವನ ಮುಖ ಹೀಗೆ ಉಳಿದರೂ ಬಣ್ಣ ಹಚ್ಚಿದವರ ಹೆಸರುಗಳು ಜನರ ನೆನಪಿನಲ್ಲಿ ನಿಂತಿಲ್ಲ.

ಇದನ್ನು ನೋಡಿ, ನಮ್ಮ ಕಲಾವಿದರು ಹೆಸರಿನ ಆಸೆಯನ್ನೇ ತೊರೆದವರೆಂದು ತೀರ್ಮಾನಿಸುವುದು ಆತುರವಾದೀತು. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವು, ಅದರ ಸೂತ್ರಧಾರಿಯಾದ, ಎಂದರೆ ಕಟ್ಟಡದ ಯೋಜಕನಾದ, ಗುಂಡನೆಂಬಾತನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತುದನ್ನು ದಾಖಲಿಸಿದೆ. ಹೊಯ್ಸಳರ ಕಾಲಕ್ಕೆ ಈ ರೂಢಿ ಇನ್ನಷ್ಟು ಬಲಿಯಿತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ರೂವಾರಿಗಳು, ಅಂದರೆ ವಿಗ್ರಹ ಕೆತ್ತುವ ಶಿಲ್ಪಿಗಳು, ತಮ್ಮ ಕೆತ್ತನೆಯ ಪೀಠದ ಮೇಲೆ ಹೆಸರನ್ನಷ್ಟೇ ಅಲ್ಲದೆ ತಂದೆಯ ಹೆಸರು, ಹುಟ್ಟೂರು ಮತ್ತು ಬಿರುದುಗಳನ್ನೂ ಬರೆದಿದ್ದಾರೆ. ಅವುಗಳಲ್ಲಿ ಕೆಲವು ಎದುರಾಳಿ ಶಿಲ್ಪಿಗಳ ಗರ್ವ ಮುರಿಯುವವನೆಂದು ಹೇಳಿಕೊಳ್ಳುವ ಬಿರುದುಗಳಾಗಿರುವುದರಿಂದ, ಅಲ್ಲಿ ವಿನಯಕ್ಕಿಂತ ಪೈಪೋಟಿಯೇ ಮುಂದಾಗಿತ್ತೆನ್ನಬಹುದು. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಕೆತ್ತಿದ ಮದನಿಕೆಗಳನ್ನು, ಎಂದರೆ ಕಂಬದ ಮೇಲ್ತುದಿಯಲ್ಲಿ ಓರೆಯಾಗಿ ನಿಲ್ಲಿಸಿದ ಸ್ತ್ರೀವಿಗ್ರಹಗಳನ್ನು, ಇಂದಿಗೂ ಬೇರ್ಪಡಿಸಿ ಗುರುತಿಸಲು ಸಾಧ್ಯವಾಗಿರುವುದು ಈ ಬರಹಗಳಿಂದಲೇ.

ನುಗ್ಗೇಹಳ್ಳಿಯ 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣದ ಗೋಡೆಯಲ್ಲಿ ಬೈಚೋಜನ, ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನ ಅಂಕಿತಗಳಿರುವುದರಿಂದ ಇಬ್ಬರ ಶೈಲಿಗಳನ್ನು ಒಂದೇ ಕಟ್ಟಡದಲ್ಲಿ ಎದುರುಬದುರಾಗಿಟ್ಟು ಹೋಲಿಸಬಹುದು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ದೇವಾಲಯದಲ್ಲಿಯೂ ಬಹಳ ವರ್ಷಗಳ ಅನಂತರದ ಸೋಮನಾಥಪುರದ ದೇವಾಲಯದಲ್ಲಿಯೂ ಕಾಣುತ್ತದೆ. ಇಷ್ಟು ದೀರ್ಘ ಅವಧಿಯ ಈ ಹೆಸರೆಲ್ಲ ಒಬ್ಬನದೇ ಆಗಿದ್ದರೆ ಆತ ಬಾಲ್ಯದಲ್ಲಿ ಹಿಡಿದ ಉಳಿಯನ್ನು ಮುಪ್ಪಿನವರೆಗೂ ಕೆಳಗಿಟ್ಟಿರಲಾರ. ತುಮಕೂರು ಜಿಲ್ಲೆಯಲ್ಲಿಯೇ, ತಿಪಟೂರು ತಾಲ್ಲೂಕಿನ ಅರಳುಗುಪ್ಪೆಯ ಚೆನ್ನಕೇಶವ ದೇವಾಲಯದಲ್ಲಿ ಹೊನ್ನೋಜನ ಅಂಕಿತವಿದೆ.

ಆದರೆ ಈ ಜಿಲ್ಲೆಯ ಜನರ ಬಾಯಲ್ಲಿರುವುದು ಹೊನ್ನೋಜನಲ್ಲ, ದಂತಕಥೆಯ ಶಿಲ್ಪಿ ಜಕಣಾಚಾರಿ. ತುಮಕೂರಿಗೆ ಸಮೀಪದ ಕೈದಾಳವು ಅವನ ಹುಟ್ಟೂರೆಂದೂ, ತಾನು ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ಮಗ ಡಂಕಣನು ತೋರಿಸಿಕೊಟ್ಟ ದೋಷಕ್ಕಾಗಿ ತಾನೇ ಕಡಿದುಕೊಂಡ ಕೈ ಅಲ್ಲಿನ ಚೆನ್ನಕೇಶವನ ಕೃಪೆಯಿಂದ ಮರಳಿ ಬಂದಿತೆಂದೂ ಐತಿಹ್ಯ ಹೇಳುತ್ತದೆ. ಶಾಸನವಾದರೋ ಅಲ್ಲಿನ ನಿರ್ಮಾಣವನ್ನು ಸುಮಾರು 1150ರಲ್ಲಿ, ಒಂದನೆಯ ನರಸಿಂಹನ ಸಾಮಂತನಾದ ಗೂಳಿಬಾಚಿಯ ಹೆಸರಿಗೆ ಹಚ್ಚುತ್ತದೆ. 1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ ಬಣ್ಣದಲ್ಲಿ ತೆರೆಕಂಡ ಮೇಲೆ ಕಥೆ ಮತ್ತಷ್ಟು ಗಟ್ಟಿಯಾಯಿತು. ಕಲಾವಿದನನ್ನು ಗೌರವಿಸುವ ಕಥೆಯೇ ಹತ್ತಾರು ಕಲಾವಿದರ ಕೆಲಸವನ್ನು ಒಬ್ಬನ ಲೆಕ್ಕಕ್ಕೆ ಬರೆದುಬಿಟ್ಟಿದ್ದು ವಿಚಿತ್ರವೇ ಸರಿ. ಅಂಕಿತವಿಲ್ಲದಿದ್ದುದರಿಂದಲ್ಲ, ಅಂಕಿತವನ್ನು ಓದುವವರಿಲ್ಲದ್ದರಿಂದ ಹೀಗಾಯಿತು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಬಗೆಗೂ 1919ರಲ್ಲಿ ಬೇಲೂರಿನ ಬಗೆಗೂ ಹೊರತಂದ ಪುಸ್ತಕಗಳು ಆ ಹೆಸರುಗಳನ್ನು ವಿದ್ವಾಂಸರ ಗಮನಕ್ಕೆ ತಂದವು.

ಇಂದಿನ ಕಲಾವಿದನಿಗಾದರೋ ಅಂಕಿತದ ಜೊತೆಗೆ ಕಾನೂನಿನ ಬೆಂಬಲವೂ ಇದೆ: ಕೃತಿಯ ಮೇಲಿನ ಹಕ್ಕನ್ನು ಮಾರಿದ ಮೇಲೂ ಅದರ ಕರ್ತೃ ತಾನೆಂದು ಹೇಳಿಕೊಳ್ಳುವ ಅಧಿಕಾರವನ್ನು ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಪ್ರಕರಣ ಕಲಾವಿದನಿಗೆ ಕೊಟ್ಟಿದೆ. ಈಗ ಮದನಿಕೆಯರ ಛಾಯಾಚಿತ್ರಗಳು ಗೋಡೆಗೂ ಪ್ರಚಾರಪತ್ರಕ್ಕೂ ಒಗ್ಗುವ ಅಲಂಕಾರವಾಗಿರುವಾಗ, ಕಾನೂನಿನ ಬಲದಿಂದ ಹೆಸರು ಕೇಳಬಲ್ಲವನು ಛಾಯಾಗ್ರಾಹಕ ಮಾತ್ರ. ಚಾವಣನ ಹೆಸರನ್ನು ಸೇರಿಸುವುದು ಚಿತ್ರ ಬಳಸುವವರ ವಿವೇಚನೆಗೆ ಬಿಟ್ಟದ್ದು. ಪೀಠದ ಬರಹಗಳನ್ನು ಓದಿ ಅಚ್ಚು ಹಾಕಿಸಿ ನೂರು ವರ್ಷಗಳೇ ಕಳೆದಿರುವುದರಿಂದ, ಶಿಲ್ಪಿಯ ಹೆಸರು ತಿಳಿಯದೆಂಬ ಸಬೂಬು ಬೇಲೂರಿನ ಮಟ್ಟಿಗಂತೂ ನಿಲ್ಲುವುದಿಲ್ಲ.