ಶಾರದಾ: ಅಕ್ಷರದ ದೇವಿಯ ಹೆಸರು, ಅಕ್ಷರ ಸಿಗದ ಹುಡುಗಿಯರು

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಹೆಸರಿನ ಚರಿತ್ರೆ ಇದೆ. ಹೆಸರು ಶಾರದಾ.

ನೀವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರಾದ್ರೆ ನಿಮ್ಮ ನೆಂಟರಲ್ಲೇ ಒಬ್ಬರು ಶಾರದಮ್ಮನೋ ಶಾರದಕ್ಕನೋ ಇರ್ತಾರೆ. ಆದ್ರೆ ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಶಾರದಾ ಇದ್ರು? ನೆನಪು ಮಾಡ್ಕೊಳ್ಳಿ.

ಮೊದಲು ಅರ್ಥ. ಶರತ್ ಅಂದ್ರೆ ಆಶ್ವಯುಜ, ಕಾರ್ತಿಕ ಮಾಸಗಳ ಕಾಲ. ಶರತ್ತಿಗೆ ಸೇರಿದವಳು ಶಾರದಾ. ಮಲೆನಾಡಿನವರಿಗೆ ಇದನ್ನ ವಿವರಿಸೋದೇ ಬೇಡ. ಮಳೆ ಹಿಂದೆ ಸರಿದು, ತುಂಗೆಯ ಕೆಂಪು ನೀರು ತಿಳಿಯಾಗೋ ಕಾಲ ಅದು. ನವರಾತ್ರಿ ಬರೋದೂ ಆಗಲೇ. ಅದಕ್ಕೇ ಅದು ಶರನ್ನವರಾತ್ರಿ. 'ಸಾರ ಕೊಡುವವಳು ಶಾರದೆ' ಅಂತಲೂ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಸಾರದ 'ಸ' ಬೇರೆ, ಶಾರದೆಯ 'ಶ' ಬೇರೆ. ಪದದ ಬೇರು ಶರತ್ತಿನಲ್ಲೇ ಇದೆ.

ಈ ಹೆಸರಿಗೆ ಶೃಂಗೇರಿಯಷ್ಟೇ ಹತ್ತಿರದ ಇನ್ನೊಂದು ಊರಿದೆ, ತುಂಬಾ ದೂರದಲ್ಲಿ. ಹಳೇ ಸಂಸ್ಕೃತ ಗ್ರಂಥಗಳಲ್ಲಿ ಕಾಶ್ಮೀರಕ್ಕೆ ಶಾರದಾ ದೇಶ ಅನ್ನೋ ಹೆಸರಿತ್ತು. ಅಲ್ಲಿನ ಲಿಪಿಯ ಹೆಸರೂ ಶಾರದಾ. ಸುಮಾರು 1030ರಲ್ಲಿ ಬರೆದ ಅಲ್ ಬಿರೂನಿ, ಕಾಶ್ಮೀರದ ಒಳಗೆ ಶಾರದೆಯ ಮರದ ಮೂರ್ತಿ ಇದೆ, ಜನ ಯಾತ್ರೆ ಹೋಗ್ತಾರೆ ಅಂತ ದಾಖಲಿಸಿದ್ದಾನೆ. ಇತ್ತ ಶೃಂಗೇರಿಯ ಪರಂಪರೆ ಏನು ಹೇಳುತ್ತೆ ಗೊತ್ತಾ? ಶಂಕರಾಚಾರ್ಯರು ಇಲ್ಲಿ ಮೊದಲು ಪ್ರತಿಷ್ಠೆ ಮಾಡಿದ್ದು ಶ್ರೀಗಂಧದ ಮರದ ಶಾರದೆಯನ್ನ. ಲೋಹದ ಮೂರ್ತಿ ಬಂದಿದ್ದು ಆಮೇಲೆ. ಕಾಶ್ಮೀರದ ಆ ಗುಡಿ ಇವತ್ತು ನೀಲಂ ಕಣಿವೆಯಲ್ಲಿ, ಪಾಕಿಸ್ತಾನದ ಹಿಡಿತದಲ್ಲಿರೋ ಜಾಗದಲ್ಲಿ ಹಾಳು ಬಿದ್ದಿದೆ. ಗಡಿಯ ಈಚೆ, ಟೀಟ್ವಾಲ್‌ನಲ್ಲಿ 2023ರ ಮಾರ್ಚ್‌ನಲ್ಲಿ ಹೊಸ ಗುಡಿ ತೆರೆಯಿತು. ಅಲ್ಲಿಗೆ ಪಂಚಲೋಹದ ಮೂರ್ತಿ ಹೋಗಿದ್ದು ನಮ್ಮ ಶೃಂಗೇರಿಯಿಂದಲೇ.

ದೇವರ ಹೆಸರು ಮನೆಗೆ ಬರೋದು ಈ ಭಾಗದಲ್ಲಿ ಹೊಸದಲ್ಲ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಜ್ವಾಲಾಮಾಲಿನಿ ಇದ್ದಾಳೆ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ. ಮಾಲಿನಿ, ಅನ್ನಪೂರ್ಣ ಅನ್ನೋ ಹೆಸರುಗಳು ಎಲ್ಲರಿಗೂ ಗೊತ್ತು. ಆದ್ರೆ ಶಾರದೆಯದ್ದು ಸ್ವಲ್ಪ ಬೇರೆ ಕಥೆ. ಅವಳ ಕೈಯಲ್ಲಿ ಪುಸ್ತಕ ಇದೆ. ಇವತ್ತಿಗೂ ಅಪ್ಪ ಅಮ್ಮ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಅಕ್ಷರಾಭ್ಯಾಸ ಮಾಡ್ಸೋದು ಅವಳ ಸನ್ನಿಧಿಯಲ್ಲೇ.

ಈಗ ಒಂದು ಪ್ರಶ್ನೆ. ಅಕ್ಷರದ ದೇವಿಯ ಹೆಸರಿಟ್ಟ ಆ ಹುಡುಗಿಯರಿಗೆ ಅಕ್ಷರ ಸಿಕ್ತಾ?

1901ರ ಜನಗಣತಿ ನೋಡಿ. ಇಡೀ ದೇಶದಲ್ಲಿ ಓದು ಬರಹ ಬರ್ತಿದ್ದ ಹೆಂಗಸರು ನೂರಕ್ಕೆ ಒಬ್ಬರೂ ಇಲ್ಲ. 1951ಕ್ಕೆ ಬಂದ್ರೂ ನೂರಕ್ಕೆ ಸುಮಾರು 9. ಇನ್ನು ಕಾನೂನು. ಈ ಊರುಗಳೆಲ್ಲ ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಸಂಸ್ಥಾನ 1894ರಲ್ಲಿ ಬಾಲ್ಯವಿವಾಹದ ವಿರುದ್ಧ ಕಾನೂನು ತಂತು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಅದು ಹೇಳಿದ್ದೇನು? 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು. ಅಂದ್ರೆ 8 ತುಂಬಿದ್ರೆ ಕಾನೂನಿನ ತಕರಾರಿಲ್ಲ! ಇವತ್ತಿನ ಲೆಕ್ಕದಲ್ಲಿ ಮೂರನೇ ಕ್ಲಾಸಿನ ಮಗು ಅದು.

ಬ್ರಿಟಿಷ್ ಇಂಡಿಯಾದಲ್ಲಿ 1929ರಲ್ಲಿ ಇನ್ನೊಂದು ಕಾನೂನು ಬಂತು. ಹುಡುಗಿಗೆ 14, ಹುಡುಗನಿಗೆ 18 ಆಗಿರಬೇಕು ಅಂತ. ಅದಕ್ಕೆ ಜನ ಕರೆದಿದ್ದು ಶಾರದಾ ಕಾಯ್ದೆ. ಇದು ದೇವಿಯ ಹೆಸರಲ್ಲ, ಹುಡುಗಿಯ ಹೆಸರೂ ಅಲ್ಲ. ಮಸೂದೆ ತಂದ ಅಜ್ಮೀರದ ಹರ್‌ಬಿಲಾಸ್ ಸಾರ್ದಾ ಅವರ ಮನೆತನದ ಹೆಸರು. ಕನ್ನಡದ ಬಾಯಲ್ಲಿ ಸಾರ್ದಾ ಹೋಗಿ ಶಾರದಾ ಆಯ್ತು. ಹುಡುಗಿಯರ ಬಾಲ್ಯ ಉಳಿಸೋ ಕಾನೂನಿಗೆ ವಿದ್ಯೆಯ ದೇವಿಯ ಹೆಸರೇ ಅಂಟ್ಕೊಂಡಿದ್ದು ಕಾಕತಾಳೀಯ. ಆದ್ರೆ ತಪ್ಪು ಹೆಸರು ಅಂತ ಹೇಳೋಕೆ ಮನಸ್ಸು ಬರಲ್ಲ.

ಸಿನಿಮಾದಲ್ಲೂ ಈ ಹೆಸರಿಗೆ ಬೆಲೆ ಇತ್ತು. ಮೂರು ಸಲ ರಾಷ್ಟ್ರಪ್ರಶಸ್ತಿ ಪಡೆದ ನಟಿ ಶಾರದಾ ಅವರ ಹುಟ್ಟು ಹೆಸರು ಸರಸ್ವತಿ. ತೆರೆಗೆ ಬರುವಾಗ ಹೆಸರು ಬದಲಾಯ್ತು, ದೇವಿ ಬದಲಾಗಲಿಲ್ಲ!

ಆಮೇಲೆ ಫ್ಯಾಶನ್ ಬದಲಾಯ್ತು. ನಿಮ್ಮ ಮನೆಯ ರೇಷನ್ ಕಾರ್ಡ್ ತೆಗೆದು ನೋಡಿ. ಅಜ್ಜಿ ಶಾರದಮ್ಮ, ಅಮ್ಮ ವಾಣಿನೋ ಭಾರತಿನೋ, ಮಗಳು ಶ್ರಾವ್ಯನೋ ಶರಣ್ಯನೋ. ವಾಣಿ, ಭಾರತಿ ಎರಡೂ ಅದೇ ದೇವಿಯ ಹೆಸರುಗಳು. ಈಗಿನವರು ಬೇರೆ ಅರ್ಥದ, ಹೊಸದಾಗಿ ಕೇಳಿಸೋ ಹೆಸರು ಹುಡುಕ್ತಾರೆ. ಶಾರದಾ ಅಂದ್ರೆ 'ಅಜ್ಜಿ ಹೆಸರು' ಅನ್ನೋರೂ ಇದ್ದಾರೆ.

ಇದರಲ್ಲಿ ಬೇಜಾರು ಮಾಡ್ಕೊಳ್ಳೋದೇನೂ ಇಲ್ಲ. ಹೆಸರು ಅಜ್ಜಿಯ ಹತ್ರ ಉಳೀತು, ಪುಸ್ತಕ ಮೊಮ್ಮಗಳ ಕೈಗೆ ಬಂತು. 2011ರ ಜನಗಣತಿಯಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಸುಮಾರು 65. ಆ ಹೆಸರಿಟ್ಟೋರು ಮಗಳಿಗೆ ಏನನ್ನ ಹರಸಿದ್ರೋ, ಅದು ನಡೆಯೋಕೆ ಎರಡು ಮೂರು ತಲೆಮಾರು ಬೇಕಾಯ್ತು ಅಷ್ಟೇ.

ನಿಮ್ಮ ಮನೆಯಲ್ಲೂ ಒಬ್ಬರು ಶಾರದಮ್ಮ ಇದ್ರೆ ಇವತ್ತು ಒಂದು ಮಾತು ಕೇಳಿ: 'ಅಜ್ಜಿ, ನೀವು ಎಷ್ಟನೇ ಕ್ಲಾಸಿನವರೆಗೆ ಓದಿದ್ರಿ? ಯಾಕೆ ಬಿಟ್ರಿ?' ಉತ್ತರ ಬರೆದಿಟ್ಕೊಳ್ಳಿ. ಅದೂ ಚರಿತ್ರೆನೇ.