ಮನೆಯ ನಾಣ್ಯಸಂಗ್ರಹವನ್ನು ಕಾಪಿಡುವ ಕ್ರಮ: ಚಿಕ್ಕೋಡಿ ಸೀಮೆಯ ದೃಷ್ಟಿಯಿಂದ ಒಂದು ವಿಚಾರ

ಕನ್ನಡ ನಾಡಿನ ದಾನಶಾಸನಗಳಲ್ಲಿ ಭೂಮಿಯ ಅಷ್ಟಭೋಗಗಳನ್ನು ಎಣಿಸುವಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಮೊದಲಾಗುವ ಪದಸರಣಿಯು ಪದೇ ಪದೇ ಕಾಣಬರುವುದು. ನೀರಿಗಿಂತಲೂ ಕಲ್ಲಿಗಿಂತಲೂ ಮೊದಲು ಹೂತಿಟ್ಟ ಹಣವನ್ನು ಹೇಳಿರುವುದು ಗಮನಾರ್ಹವಾಗಿದೆ. ನೆಲದೊಳಗೆ ಹೊನ್ನು ಹುದುಗಿರುವುದು ಅಪೂರ್ವವಾದ ಸಂಗತಿಯಾಗಿರಲಿಲ್ಲವಾದುದರಿಂದಲೇ ಅದರ ಒಡೆತನವನ್ನು ದಾನಪತ್ರದಲ್ಲಿ ಮೊದಲೇ ಗೊತ್ತುಪಡಿಸಬೇಕಾಯಿತೆಂದು ತೋರುತ್ತದೆ. ಕಳ್ಳರ ಭಯವೂ ದಂಡಿನ ಭಯವೂ ಇದ್ದ ಕಾಲದಲ್ಲಿ ಗೃಹಸ್ಥನಿಗೆ ನೆಲವೇ ಭಂಡಾರವಾಗಿದ್ದಿತು, ಗಡಿಗೆಯೇ ಪೆಟ್ಟಿಗೆ.

ಈ ಪದ್ಧತಿಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಯುಕ್ತವಲ್ಲ. 1891ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿಯೂ, 1965ರಲ್ಲಿ ಅದೇ ನಗರದ ವಿಮಾನ ನಿಲ್ದಾಣದ ಆವರಣದಲ್ಲಿಯೂ ದೊರೆತ ರೋಮನ್ ಬೆಳ್ಳಿಯ ದಿನಾರಗಳು ಸಾವಿರದೆಂಟುನೂರಕ್ಕೂ ಹೆಚ್ಚು ವರ್ಷ ನೆಲದಲ್ಲಿದ್ದೂ ಚಕ್ರವರ್ತಿಯ ಮುಖವನ್ನೂ ಅಕ್ಷರಗಳನ್ನೂ ಉಳಿಸಿಕೊಂಡು ಬಂದವು. ಅಂತಹ ನಾಣ್ಯಗಳೇ ಮನೆಯ ಪೆಟ್ಟಿಗೆಯನ್ನು ಸೇರಿದ ಬಳಿಕ ಒಂದೆರಡು ತಲೆಮಾರುಗಳಲ್ಲಿ ಗುರುತು ಸಿಗದಂತೆ ಸವೆದುಹೋಗುವುದುಂಟು. ಆದುದರಿಂದ ವಿಚಾರಕ್ಕೆ ಯೋಗ್ಯವಾದ ಪ್ರಶ್ನೆಯು ಹಣವನ್ನು ಕಳ್ಳರಿಂದ ಹೇಗೆ ಕಾಯಬೇಕೆಂಬುದಲ್ಲ, ನಾಣ್ಯವನ್ನು ಅದರ ಒಡೆಯನಿಂದಲೇ ಹೇಗೆ ಕಾಯಬೇಕೆಂಬುದು.

ಬೇಡಕಿಹಾಳ ಮೊದಲಾದ ಚಿಕ್ಕೋಡಿ ಸೀಮೆಯ ಊರುಗಳಿಗೆ ಈ ಪ್ರಶ್ನೆಯು ವಿಶೇಷವಾಗಿ ಸಂಬಂಧಿಸುತ್ತದೆ. ಏಕೆಂದರೆ ಇವುಗಳಿಗೆ ಹೆಚ್ಚು ದೂರವಲ್ಲದ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವು ದಖನ್ನಿನ ಪ್ರಾಚೀನ ನಾಣ್ಯಗಳ ಒಂದು ಮುಖ್ಯವಾದ ನೆಲೆ. ಅಲ್ಲಿ ದೊರೆತ ಸೀಸದ ನಾಣ್ಯಗಳಲ್ಲಿ ಒಂದು ಕಡೆ ಬಿಲ್ಲುಬಾಣಗಳೂ ಅದರ ಸುತ್ತ ಬ್ರಾಹ್ಮೀ ಲಿಪಿಯಲ್ಲಿ ಅರಸನ ಹೆಸರೂ ಇವೆ. ವಾಸಿಠೀಪುತ ವಿಳಿವಾಯಕುರ, ಮಾಢರೀಪುತ ಸಿವಲಕುರ, ಗೋತಮಿಪುತ ವಿಳಿವಾಯಕುರ ಎಂಬ ಮೂವರ ಹೆಸರುಗಳು ಇವುಗಳಿಂದ ತಿಳಿದುಬಂದಿವೆ. ಇವರ ಅನುಕ್ರಮವನ್ನು ಪಂಡಿತ ಭಗವಾನಲಾಲ ಇಂದ್ರಜಿಯವರು ಗೊತ್ತುಮಾಡಿದ್ದು ಯಾವ ಶಾಸನದಿಂದಲೂ ಅಲ್ಲ. ಸಿವಲಕುರನು ಮೊದಲಿನ ವಿಳಿವಾಯಕುರನ ನಾಣ್ಯದ ಮೇಲೆ ತನ್ನ ಅಚ್ಚನ್ನು ಒತ್ತಿಸಿದ್ದನು; ಗೋತಮಿಪುತನು ಸಿವಲಕುರನ ನಾಣ್ಯದ ಮೇಲೆ ತನ್ನದನ್ನು ಒತ್ತಿಸಿದನು. ಮೇಲಣ ಅಕ್ಷರಗಳ ಸಂದಿಯಲ್ಲಿ ಕೆಳಗಣ ಅಕ್ಷರಗಳು ಇಣುಕುತ್ತಿದ್ದುವು. ಮೂವರು ಅರಸರ ಕಾಲಕ್ರಮವೆಲ್ಲ ಆ ಕೂದಲೆಳೆಯಷ್ಟು ಎತ್ತರದ ಗೆರೆಗಳ ಮೇಲೆ ನಿಂತಿದೆ. ಅಂತಹ ಒಂದು ನಾಣ್ಯವನ್ನು ಯಾರಾದರೂ ಹುಣಸೆಹಣ್ಣಿನಿಂದ ತಿಕ್ಕಿ ಬೂದಿಯಿಂದ ಬೆಳಗಿದ್ದರೆ, ಉಳಿಯುತ್ತಿದ್ದುದು ನಾಲ್ಕು ಕಾಸಿನ ಸೀಸ ಮಾತ್ರ.

ಸೀಸವು ಉಗುರಿಗೂ ಗೀರು ಬೀಳುವಷ್ಟು ಮೆದುವಾದ ಲೋಹ. ಅದರ ಪರಮಶತ್ರುವೆಂದರೆ ಕೈಯೂ ಅಲ್ಲ, ನೀರೂ ಅಲ್ಲ; ಸಭ್ಯಗೃಹಸ್ಥನ ಮರದ ಪೆಟ್ಟಿಗೆ. ಮರದಿಂದ, ಅದರಲ್ಲಿಯೂ ಹಸಿಯಾದ ಅಥವಾ ಹೊಸದಾಗಿ ಅರಗುಬಣ್ಣ ಹಚ್ಚಿದ ಮರದಿಂದ, ಹುಳಿಯ ಆವಿಯು ಸೂಕ್ಷ್ಮವಾಗಿ ಹೊರಡುತ್ತಿರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿಯು ಸೀಸವನ್ನು ತಿಂದು ಬಿಳಿಯ ಪುಡಿಯನ್ನಾಗಿ ಮಾಡುವುದು. ಒಮ್ಮೆ ಮೊದಲಾದ ಈ ಕ್ರಿಯೆ ತಾನಾಗಿ ಮುಂದುವರಿಯುವುದು. ಕಾಗದದ ರಟ್ಟಿಗೂ ಇದೇ ದೋಷವುಂಟು. ಯುರೋಪಿನಲ್ಲಿ ನಾಣ್ಯಕ್ಕೊಂದು ಗುಳಿಯಂತೆ ಕೊರೆದ ಮರದ ಖಾನೆಗಳನ್ನು ಬಹುಕಾಲದಿಂದ ಬಳಸಿದ್ದಾರೆ. ಚಿನ್ನಕ್ಕೂ ಬೆಳ್ಳಿಗೂ ಚೆನ್ನಾಗಿ ಒಣಗಿದ ಮಹಾಗನಿಯ ಖಾನೆಯು ಒಗ್ಗಬಹುದು, ಆದರೆ ಕುರ ಅರಸರ ನಾಣ್ಯಗಳಿಗಾಗಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತಂತಹ ಸೀಸದ ನಾಣ್ಯಗಳಿಗಾಗಲಿ ಅದು ತಕ್ಕುದಲ್ಲ. ಇವನ್ನು ಗಾಜಿನ ಅಥವಾ ಪಾಲಿಎಸ್ಟರಿನ ಆವರಣದಲ್ಲಿ ಮರಕ್ಕೆ ದೂರವಾಗಿ ಇರಿಸುವುದೇ ಲೇಸು.

ತಾಮ್ರದ ಸ್ಥಿತಿ ಬೇರೆ. ಶಿವರಾಯಿ ದುಡ್ಡುಗಳು ಈ ಸೀಮೆಯ ಹಳೆಯ ಮನೆಗಳಲ್ಲಿ ವಿಶೇಷವಾಗಿ ಉಳಿದಿರುವುವು. ಇವುಗಳ ಮೇಲಿನ ಕಂದು ಅಥವಾ ಕಪ್ಪು ಪೊರೆಯು ಕೊಳೆಯಲ್ಲ, ಕವಚ. ತಿಳಿಹಸುರಿನ ಪುಡಿಯ ಗುಳ್ಳೆಗಳು ಎದ್ದರೆ ಮಾತ್ರ ಭಯಪಡಬೇಕು. ಅದು ಉಪ್ಪಿನಿಂದ ಬಂದ ರೋಗ, ತೇವದಿಂದ ಬೆಳೆಯುವಂಥದು. ಬೆವರಿದ ಕೈಯಲ್ಲಿಯೂ ಉಪ್ಪುಂಟಾದುದರಿಂದ ನಾಣ್ಯವನ್ನು ಅಂಚಿನಲ್ಲಿ ಹಿಡಿಯತಕ್ಕದ್ದು. ದೀಪಾವಳಿಯ ಲಕ್ಷ್ಮೀಪೂಜೆಗೆ ಹಳೆಯ ನಾಣ್ಯಗಳನ್ನು ತೆಗೆದು ಹಾಲುನೀರಿನಲ್ಲಿ ತೊಳೆದು ಅರಿಸಿನ ಕುಂಕುಮವನ್ನೇರಿಸುವುದು ಭಕ್ತಿಗೆ ಉಚಿತವೇ ಸರಿ. ಅದಕ್ಕೆ ಚಲಾವಣೆಯ ರೂಪಾಯಿಯೂ ಸಾಲುವುದು. ಬೆಳ್ಳಿಯು ಗಂಧಕದಿಂದ ಕಪ್ಪಾಗುವುದಾದ ಕಾರಣ ರಬ್ಬರಿನ ಪಟ್ಟಿ, ಉಣ್ಣೆಯ ಬಟ್ಟೆ ಅದಕ್ಕೆ ಸಲ್ಲವು. ಚಿನ್ನಕ್ಕೆ ಉಜ್ಜುವಿಕೆಯೊಂದೇ ಭಯ. ಹಮ್ಮಿಣಿಯಲ್ಲಿ ಕಟ್ಟಿದ ಹೊನ್ನುಗಳು ಒಂದನ್ನೊಂದು ತೇಯುತ್ತವೆ.

ಈಚೆಗೆ ಅಂಗಡಿಗಳಲ್ಲಿ ದೊರೆಯುವ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳ ಪುಸ್ತಕಗಳು ನೋಟಕ್ಕೆ ಅಂದವಾಗಿದ್ದರೂ, ಅವುಗಳಲ್ಲಿ ಪಿ.ವಿ.ಸಿ.ಯಿಂದಾದವು ಕಾಲಕ್ರಮದಲ್ಲಿ ಹುಳಿತು ಅಂಟು ಬಿಟ್ಟು ತಾಮ್ರದ ಮೇಲೆ ಹಸುರು ಲೇಪವನ್ನು ತರುತ್ತವೆ. ಕಬ್ಬಿಣದ ತಿಜೋರಿಯು ಕಳ್ಳನನ್ನು ತಡೆಯುತ್ತದೆ, ಮಳೆಗಾಲದ ತೇವವನ್ನು ತಡೆಯಲಾರದು. ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣವನ್ನಿಟ್ಟು ಆಗಾಗ ಕಾಯಿಸಿ ಒಣಗಿಸುತ್ತಿರಬೇಕು. ಒಟ್ಟಿನಲ್ಲಿ ಸಾಮಾನ್ಯ ಗೃಹಸ್ಥನಿಗೆ, ಸೀಸವನ್ನುಳಿದು ಮಿಕ್ಕ ಲೋಹಗಳಿಗೆ, ಹುಳಿಯಿಲ್ಲದ ಕಾಗದದ ಲಕೋಟೆಯೇ ಅಗ್ಗವೂ ಉತ್ತಮವೂ ಆದ ಸಾಧನ. ಅದರಲ್ಲಿ ಮತ್ತೊಂದು ಗುಣವೂ ಉಂಟು: ಅದರ ಮೇಲೆ ಬರೆಯಬಹುದು. ದೊರೆತ ಊರು, ಹೊಲ, ವರ್ಷ, ತೂಕ, ಜತೆಯಲ್ಲಿದ್ದ ನಾಣ್ಯಗಳ ಸಂಖ್ಯೆ ಇಷ್ಟನ್ನು ನಾಣ್ಯವನ್ನು ಒಳಗಿಡುವ ಮೊದಲೇ ಬರೆಯತಕ್ಕದ್ದು.

ಜತೆಯ ಮಾತು ಅಲ್ಪವಾದುದಲ್ಲ. ಒಂದು ಗಡಿಗೆಯಲ್ಲಿ ಹೊನ್ನೂ ಬಾಗಲಕೋಟೆಯ ಮಲ್ಹಾರಶಾಹಿ ರೂಪಾಯಿಯೂ 1835ರ ಕಂಪನಿ ರೂಪಾಯಿಯೂ ಕೂಡಿದ್ದರೆ, ಅದನ್ನು ಹೂಳಿದ ಕಾಲವು ಕೊನೆಯದರಿಂದ ತಿಳಿಯುವುದು. ಯಾವುವು ಒಟ್ಟಿಗೆ ನಡೆಯುತ್ತಿದ್ದುವೆಂಬುದೂ ತಿಳಿಯುವುದು. ಅಣ್ಣತಮ್ಮಂದಿರು ಅದನ್ನು ಲೋಹಕ್ಕನುಸಾರವಾಗಿ ಪಾಲುಮಾಡಿಕೊಂಡ ದಿನವೇ ಆ ಚರಿತ್ರೆಯು ಮುಗಿಯಿತು. 1878ರ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಂಡವನು ಕಲೆಕ್ಟರರಿಗೆ ತಿಳಿಸಬೇಕೆಂದೂ, ಸರಕಾರವು ಅದನ್ನು ಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಹೆಚ್ಚಾಗಿ ಕೊಡಬೇಕೆಂದೂ ವಿಧಿಸಿತು. ಆದರೂ ಕಲೆಕ್ಟರರ ಕಚೇರಿಗಿಂತ ಅಕ್ಕಸಾಲಿಗನ ಕುಲುಮೆಯು ಜನರಿಗೆ ಹತ್ತಿರವಾಗಿದ್ದಿತು.

ಅಕ್ಕಸಾಲಿಗನೆಲ್ಲವನ್ನೂ ಕರಗಿಸಿದನೆಂದು ಹೇಳುವುದೂ ಸಲ್ಲದು. ಹಾನಗಲ್ಲು ಸೀಮೆಯ ಅಕ್ಕಿಆಲೂರಿನಲ್ಲಿ ದೊರೆತ ಉತ್ತರಕಾಲದ ರೋಮನ್ ಚಿನ್ನದ ನಾಣ್ಯಗಳಲ್ಲಿ ಕೊರಳಿಗೆ ಕಟ್ಟಲು ತೂತು ಕೊರೆದವು ಇವೆ. ವೆನಿಸ್ಸಿನ ಚಿನ್ನದ ನಾಣ್ಯವು ಪುತಳಿಯೆಂಬ ಹೆಸರಿನಿಂದ ಈ ಭಾಗದ ಹೆಂಗಸರ ಸರದಲ್ಲಿ ಸೇರಿ, ಅದರ ಅನುಕರಣಗಳೂ ಹುಟ್ಟಿಕೊಂಡವು. ಮೈಮೇಲೆ ಧರಿಸುವುದೂ ಕಾಪಿಡುವ ಒಂದು ಕ್ರಮವೇ. ಬೆಸುಗೆಯ ಕೊಂಡಿಯೂ ತೂತೂ ಅದರ ದಾಖಲೆ. ಆದುದರಿಂದ ಬೆಲೆಯು ಹೆಚ್ಚೀತೆಂಬ ಆಸೆಯಿಂದ ತೂತನ್ನು ಮುಚ್ಚಿಸಿ ಕೊಂಡಿಯನ್ನು ಅರೆದುಹಾಕಿಸುವವರು, ಯಾವ ಊರಿನಲ್ಲಿ ನಡೆದ ನಾಣ್ಯವು ಯಾವ ಊರಿನಲ್ಲಿ ಒಡವೆಯಾಯಿತೆಂಬುದಕ್ಕೆ ಇರುವ ಗುರುತನ್ನು ಅಳಿಸಿದಂತಾಗುವುದು.