ಬೆಂಕಿಯಿಂದ ತಿರುಪಿಗೆ ಬಂದ ಕಾಂಗೋ

ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ ರೋಣ, ಅದರ ಆಸುಪಾಸಿನ ನರಗುಂದ, ಗಜೇಂದ್ರಗಡದ ಕಡೆ ಬೈಠಕ್ಕಿಗೆ ತಬಲಾ, ಮೆರವಣಿಗೆಗೆ ಹಲಗೆ. ಈ ಸೀಮೆಯ ಕಿವಿಗೆ ರಾಕ್ ಸಂಗೀತದ ಕಾಂಗೋ, ಅಂದರೆ ಕೈಯಿಂದ ಬಾರಿಸುವ ಕ್ಯೂಬಾ ಮೂಲದ ಉದ್ದನೆಯ ಚರ್ಮವಾದ್ಯ, ಅಷ್ಟೇನೂ ಪರಕೀಯವಲ್ಲ. ಹಲಗೆಯವರು ಬಾರಿಸುವ ಮುನ್ನ ಹುಲ್ಲಿಗೆ ಬೆಂಕಿ ಹಚ್ಚಿ ತೊಗಲು ಕಾಯಿಸುತ್ತಾರೆ; ಬಿಸಿಗೆ ಅದು ಬಿಗಿದು ದನಿ ಏರುತ್ತದೆ. ಕ್ಯೂಬಾದಲ್ಲೂ ಮೊಳೆ ಹೊಡೆದು ಕೂರಿಸಿದ ಕಾಂಗೋದ ತೊಗಲನ್ನು ಹೀಗೇ ಕಾಯಿಸುತ್ತಿದ್ದರು. ಇಷ್ಟರಿಂದಲೇ ಎರಡಕ್ಕೂ ನೆಂಟಸ್ತಿಕೆ ಕಟ್ಟುವುದು ಬೇಡ. ತೊಗಲು ಸಡಿಲಾಗುವ ಒಂದೇ ತೊಂದರೆಗೆ ಎರಡು ಕಡೆ ಒಂದೇ ಉಪಾಯ ಹೊಳೆದಿದೆ, ಅಷ್ಟೆ. ಕಾಂಗೋದ ದಾರಿ ಬೇರೆಯಾದದ್ದು ಕಳೆದ ಶತಮಾನದ ನಡುಭಾಗದಲ್ಲಿ, ತೊಗಲು ಬಿಗಿಯುವ ಲೋಹದ ತಿರುಪು ಬಂದಾಗ. ಸ್ಟುಡಿಯೋದಲ್ಲಿ, ವೇದಿಕೆಯಲ್ಲಿ ಶ್ರುತಿ ಕೈಗೆ ಸಿಕ್ಕಿತು.

ಪಾಪ್‌ನಲ್ಲಿ ಕಾಂಗೋ ಬರೀ ಅಲಂಕಾರ ಎನ್ನುವವರಿದ್ದಾರೆ. ಹಲವು ಹಾಡುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ 1947ರಲ್ಲಿ ಕ್ಯೂಬಾದ ಕಾಂಗೋ ವಾದಕ ಚಾನೋ ಪೋಸೋ ಡಿಜ್ಜಿ ಗಿಲೆಸ್ಪಿಯ ಜಾಝ್ ತಂಡ ಸೇರಿದ ಮೇಲೆ ಆ ಸಂಗೀತದ ನಡಿಗೆಯೇ ಬದಲಾಯಿತು. 1968ರ ರೋಲಿಂಗ್ ಸ್ಟೋನ್ಸ್ ಹಾಡು 'ಸಿಂಪಥಿ ಫಾರ್ ದ ಡೆವಿಲ್'ನಿಂದ ಕಾಂಗೋ ತೆಗೆದರೆ ಹಾಡು ಕುಂಟುತ್ತದೆ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಸಂತಾನಾ ತಂಡದ ಬಲವೂ ಗಿಟಾರೊಂದೇ ಆಗಿರಲಿಲ್ಲ, ಕಾಂಗೋ ಕೂಡ ಆಗಿತ್ತು. ಈ ಕೆಲಸಕ್ಕೆ ತಬಲಾ ಸಾಲದೇ? ತಬಲಾದ ಸೂಕ್ಷ್ಮ ಬೆರಳಿನಲ್ಲಿದೆ, ವಿದ್ಯುತ್ ಗಿಟಾರಿನ ಅಬ್ಬರದಲ್ಲಿ ಅದು ಮುಳುಗಿಬಿಡುತ್ತದೆ. ಕಾಂಗೋಗೆ ಇಡೀ ಅಂಗೈಯ ಏಟು ಬೀಳುತ್ತದೆ. ಹಾಗೆಂದು ಎಡಗೈಯ ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ತಬಲಾದವರು ಎಳೆಯುವ ಮೀಂಡಿನ, ಅಂದರೆ ಜಾರುವ ದನಿಯ, ಸೊಗಸು ಕಾಂಗೋದಲ್ಲಿ ಅಷ್ಟು ಸಲೀಸಾಗಿ ಹೊರಡುವುದಿಲ್ಲ.